ಕುಡಿತ ಬಿಟ್ಟವರ ಸಭೆಯನ್ನು ಹುಡುಕುವುದು ಹೇಗೆ?

ಪ್ರಶ್ನೆ: ನನಗೆ 44 ವರ್ಷ. ಹಾವೇರಿ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಸರ್ಕಾರಿ ನೌಕರಿಯಲ್ಲಿದ್ದೇನೆ. ಕುಡಿತ ಬಿಡಲು ಎರಡು ಸಲ ಆಸ್ಪತ್ರೆಗೆ ದಾಖಲಾಗಿದ್ದೆ. ಎರಡೂ ಸಲ ಮನೆಗೆ ಬಂದ ಮೇಲೆ ಮೂರ್ನಾಲ್ಕು ತಿಂಗಳು ಚೆನ್ನಾಗಿಯೇ ಇದ್ದೆ, ನಂತರ ಮತ್ತೆ ಶುರುವಾಯಿತು. ಈಗ ದಿನಕ್ಕೆ ಎರಡು ಕ್ವಾರ್ಟರ್ ವಿಸ್ಕಿ ಆಗುತ್ತಿದೆ. ಬೆಳಿಗ್ಗೆ ಸ್ವಲ್ಪ ಹಾಕದಿದ್ದರೆ ಕೈ ನಡುಗುತ್ತದೆ. ಹೋದ ವರ್ಷ ಹಟ ಹಿಡಿದು ಒಮ್ಮೆಲೇ ಬಿಟ್ಟಾಗ ಫಿಟ್ಸ್ ಬಂದಿತ್ತು. ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ‘ಎಎ ಮೀಟಿಂಗ್‌ಗೆ ಹೋಗಿ’ ಎಂದು ಚೀಟಿಯಲ್ಲಿ ಬರೆದುಕೊಟ್ಟಿದ್ದರು. ನಮ್ಮ ಊರಿನಲ್ಲಿ ಅಂಥದ್ದು ಇರುವುದು ನನಗೆ ಗೊತ್ತಿಲ್ಲ. ನನಗೆ ಇಂಗ್ಲಿಷ್ ಅಷ್ಟಾಗಿ ಬಾರದು. ಅದು ಚರ್ಚಿನವರ ಸಭೆ ಎಂದು ಕೆಲವರು ಹೇಳುತ್ತಾರೆ. ಪರಿಚಯದವರು ಯಾರಾದರೂ ಅಲ್ಲಿ ನೋಡಿದರೆ ಕಚೇರಿಯಲ್ಲಿ ಮರ್ಯಾದೆ ಹೋಗುತ್ತದೆಂಬ ಭಯವೂ ಇದೆ. ಇಂಥ ಸಭೆಯನ್ನು ಎಲ್ಲಿ ಹುಡುಕಬೇಕು? ನನ್ನ ಹೆಂಡತಿ ಜೊತೆಗೆ ಬರಬಹುದೇ?

ಉತ್ತರ: ನೀವು ಕೇಳಿರುವುದು ಎಎ, ಅಂದರೆ ಕುಡಿತ ಬಿಡಲು ಬಯಸುವವರು ಒಬ್ಬರಿಗೊಬ್ಬರು ನೆರವಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್ ಬಳಗದ ಸಭೆಯ ವಿಳಾಸ. ಅದಕ್ಕೆ ವಿವರವಾಗಿ ಬರುತ್ತೇನೆ. ಆದರೆ ನೀವು ಹೆಚ್ಚು ಒತ್ತು ಕೊಡದೆ ಬರೆದಿರುವ ಎರಡು ಸಂಗತಿಗಳು, ಅಂದರೆ ಬೆಳಗಿನ ಕೈನಡುಕ ಮತ್ತು ಹೋದ ವರ್ಷದ ಫಿಟ್ಸ್, ವಿಳಾಸಕ್ಕಿಂತ ಮೊದಲು ಗಮನಿಸಬೇಕಾದವು. ಎರಡು ಕ್ವಾರ್ಟರ್ ಎಂದರೆ 360 ಎಂಎಲ್. ಅದರಲ್ಲಿ ಸುಮಾರು 120 ಗ್ರಾಂ ಶುದ್ಧ ಆಲ್ಕೊಹಾಲ್ ಇರುತ್ತದೆ. ಪುರುಷರಲ್ಲಿ ದಿನಕ್ಕೆ 100 ಗ್ರಾಂ ಮೀರಿದ ಕುಡಿತವನ್ನು ವಿಶ್ವ ಆರೋಗ್ಯ ಸಂಸ್ಥೆ ಅತಿ ಹೆಚ್ಚು ಅಪಾಯದ ಮಟ್ಟವೆಂದು ಪರಿಗಣಿಸುತ್ತದೆ. ಇಷ್ಟು ಪ್ರಮಾಣಕ್ಕೆ ಒಗ್ಗಿದ ಮಿದುಳಿಗೆ ಮದ್ಯ ಒಮ್ಮೆಲೇ ನಿಂತರೆ, ಕೊನೆಯ ಗುಟುಕಿನ ನಂತರದ 6ರಿಂದ 48 ಗಂಟೆಗಳೊಳಗೆ ಫಿಟ್ಸ್ ಬರಬಹುದು. ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಗೊಂದಲ, ಇಲ್ಲದ್ದು ಕಾಣುವುದು, ವಿಪರೀತ ಬೆವರು, ಜ್ವರಗಳಿಂದ ಕೂಡಿದ ಸನ್ನಿ ಸ್ಥಿತಿ ಉಂಟಾಗಬಹುದು. ಈ ಸನ್ನಿಗೆ ಚಿಕಿತ್ಸೆ ಸಿಗದಿದ್ದರೆ ಪ್ರಾಣಾಪಾಯವಿದೆ. ಒಮ್ಮೆ ಫಿಟ್ಸ್ ಬಂದವರಿಗೆ ಮುಂದಿನ ಸಲ ಬಿಡುವಾಗಲೂ ಬರುವ ಸಂಭವ ಹೆಚ್ಚು. ಆದ್ದರಿಂದ ‘ನಾಳೆಯಿಂದ ಬಿಟ್ಟು, ಭಾನುವಾರ ಸಭೆಗೆ ಹೋಗುತ್ತೇನೆ’ ಎಂಬ ನಿರ್ಧಾರವನ್ನು ದಯವಿಟ್ಟು ಮಾಡಬೇಡಿ. ಮೊದಲು ವೈದ್ಯರನ್ನು ಕಾಣಿರಿ. ಕೆಲವು ದಿನಗಳ ಮಟ್ಟಿಗೆ ಲೆಕ್ಕಹಾಕಿ ಕೊಟ್ಟು ಇಳಿಸುತ್ತ ಬರುವ ಮಾತ್ರೆಗಳು ಮತ್ತು ಥಯಮಿನ್ ಎಂಬ ಬಿ1 ಜೀವಸತ್ವದ ಇಂಜೆಕ್ಷನ್ ಇದ್ದರೆ ಈ ಘಟ್ಟವನ್ನು ಸುರಕ್ಷಿತವಾಗಿ ದಾಟಬಹುದು. ನಿಮ್ಮ ಇತಿಹಾಸ ನೋಡಿದರೆ ಇದು ಆಸ್ಪತ್ರೆಯಲ್ಲಿಯೇ ಆಗುವುದು ಒಳ್ಳೆಯದು.

ಎರಡು ಸಲ ದಾಖಲಾಗಿ ಮತ್ತೆ ಕುಡಿದಿರುವುದನ್ನು ನೀವು ಸೋಲೆಂದು ಎಣಿಸಿರುವಂತಿದೆ. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಮದ್ಯಾವಲಂಬಿಗಳಾಗಿರುವ ಪ್ರತಿ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಗುತ್ತಿದೆ. ಆ ಒಬ್ಬರಲ್ಲಿ ನೀವಿದ್ದೀರಿ, ಎರಡು ಸಲ. ಆಸ್ಪತ್ರೆಯ ಕೆಲಸ ದೇಹವನ್ನು ಮದ್ಯದಿಂದ ಬಿಡಿಸುವುದು ಮತ್ತು ಹಂಬಲವನ್ನು ತಗ್ಗಿಸುವ ಔಷಧಿಯನ್ನು ಆರಂಭಿಸುವುದು. ಮನೆಗೆ ಬಂದ ಮೇಲಿನ ಸಂಜೆಗಳನ್ನು, ಸಂಬಳದ ದಿನವನ್ನು, ಮದುವೆ ಮನೆಯ ಹಿತ್ತಲಲ್ಲಿ ‘ಇವತ್ತೊಂದಿನ ತಗೋ’ ಎನ್ನುವ ಗೆಳೆಯನನ್ನು ಎದುರಿಸುವುದು ಬೇರೆಯದೇ ಕೆಲಸ. ಎರಡು ಸಲವೂ ನೀವು ಎಡವಿದ್ದು ಈ ಎರಡನೆಯ ಘಟ್ಟದಲ್ಲಿ. ಸಭೆಗಳು ಇರುವುದೇ ಈ ಘಟ್ಟಕ್ಕಾಗಿ.

ಈಗ ವಿಳಾಸದ ವಿಚಾರ. ನನ್ನ ಸಲಹೆಯ ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ: ಸಭೆಯನ್ನು ಹುಡುಕುವ ಮುನ್ನ, ಆ ಸಭೆಗೆ ಹೋಗುತ್ತಿರುವ ಒಬ್ಬ ವ್ಯಕ್ತಿಯನ್ನು ಹುಡುಕಿ. ಚೀಟಿಯಲ್ಲಿ ಬರೆದ ವಿಳಾಸ ಜೇಬಿನಲ್ಲಿಯೇ ಉಳಿಯುವುದನ್ನು ನಾನು ವೃತ್ತಿಯಲ್ಲಿ ಪದೇ ಪದೇ ನೋಡುತ್ತೇನೆ, ಮತ್ತು ಅದಕ್ಕೆ ರೋಗಿಯ ಸೋಮಾರಿತನ ಕಾರಣವಲ್ಲ. 1981ರಲ್ಲಿ ಅಮೆರಿಕದಲ್ಲಿ ಇದನ್ನು ಒಂದು ಪುಟ್ಟ ಅಧ್ಯಯನದಿಂದ ಪರೀಕ್ಷಿಸಿದರು. ಚಿಕಿತ್ಸೆಯಲ್ಲಿದ್ದ 20 ಜನರಲ್ಲಿ ಅರ್ಧದಷ್ಟು ಮಂದಿಗೆ ಸಭೆಯ ಸ್ಥಳ ಮತ್ತು ಸಮಯವನ್ನು ತಿಳಿಸಿ, ಹೋಗಿರೆಂದು ಪ್ರೋತ್ಸಾಹಿಸಿದರು. ಉಳಿದ ಅರ್ಧದಷ್ಟು ಮಂದಿಗೆ ಸಲಹೆಗಾರರು ಅಲ್ಲಿಯೇ ಕುಳಿತು ಒಬ್ಬ ಹಳೆಯ ಸದಸ್ಯನಿಗೆ ಫೋನ್ ಮಾಡಿ ಮಾತನಾಡಿಸಿದರು. ಆ ಸದಸ್ಯ ಸಭೆಗೆ ಜೊತೆಯಾಗುವುದಾಗಿ ಒಪ್ಪಿಕೊಂಡ. ಮೊದಲ ಗುಂಪಿನಿಂದ ಒಬ್ಬರೂ ಸಭೆಗೆ ಹೋಗಲಿಲ್ಲ, ಎರಡನೆಯ ಗುಂಪಿನಿಂದ ಎಲ್ಲರೂ ಹೋದರು. ಇಪ್ಪತ್ತೇ ಜನರ ಅಧ್ಯಯನವೆಂಬುದು ನಿಜ, ಆದರೆ ಅದು ತೋರಿಸಿದ ದಿಕ್ಕನ್ನು ನಂತರದ ದೊಡ್ಡ ಅಧ್ಯಯನಗಳು ಅಲ್ಲಗಳೆದಿಲ್ಲ. 2020ರಲ್ಲಿ ಕಾಕ್ರೇನ್ ಸಂಸ್ಥೆ 27 ಅಧ್ಯಯನಗಳನ್ನು, ಒಟ್ಟು 10,565 ಜನರ ಮಾಹಿತಿಯನ್ನು ಒಟ್ಟುಗೂಡಿಸಿ ಪರಿಶೀಲಿಸಿತು. ಚಿಕಿತ್ಸಕರು ಕ್ರಮಬದ್ಧವಾಗಿ ಕೈಹಿಡಿದು ಎಎ ಸಭೆಗಳಿಗೆ ತಲುಪಿಸಿದಾಗ, ಸಂಪೂರ್ಣವಾಗಿ ಕುಡಿತ ಬಿಟ್ಟು ಉಳಿಯುವವರ ಪ್ರಮಾಣ ಇತರ ಮಾನಸಿಕ ಚಿಕಿತ್ಸೆಗಳಿಗಿಂತ ಹೆಚ್ಚಾಗಿತ್ತು.

ಎಎ ಹುಟ್ಟಿದ್ದೂ ಇಂಥದೇ ಒಂದು ಹುಡುಕಾಟದಿಂದ. 1935ರ ಮೇ ತಿಂಗಳಿನಲ್ಲಿ ಕುಡಿತ ಬಿಟ್ಟು ಕೆಲವೇ ತಿಂಗಳಾಗಿದ್ದ ಬಿಲ್ ಎಂಬ ವ್ಯಾಪಾರಿ ಅಮೆರಿಕದ ಆಕ್ರನ್ ಪಟ್ಟಣದ ಹೋಟೆಲೊಂದರಲ್ಲಿ ಒಬ್ಬಂಟಿಯಾಗಿದ್ದ. ಬಂದ ಕೆಲಸ ಕೆಟ್ಟಿತ್ತು, ಎದುರಿಗೇ ಬಾರ್ ಇತ್ತು. ಆತ ಅಲ್ಲಿಂದ ಊರಿನ ಚರ್ಚುಗಳಿಗೆ ಒಂದೊಂದಾಗಿ ಫೋನ್ ಮಾಡುತ್ತ, ತನ್ನಂತೆಯೇ ಕುಡಿತದಿಂದ ನರಳುತ್ತಿರುವವರು ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಿದ. ಹಾಗೆ ಸಿಕ್ಕವರು ಡಾ. ಬಾಬ್ ಎಂಬ ಶಸ್ತ್ರವೈದ್ಯರು. ಬಾಬ್ ಕೊನೆಯ ಸಲ ಕುಡಿದ 1935ರ ಜೂನ್ 10ನ್ನು ಸಂಸ್ಥೆ ತನ್ನ ಸ್ಥಾಪನಾ ದಿನವೆಂದು ಪರಿಗಣಿಸುತ್ತದೆ. ಭಾರತದಲ್ಲಿ ಇದರ ಸಭೆಗಳು 1957ರಲ್ಲಿ ಆರಂಭವಾದವು. ದೇಶದ ಸೇವಾ ಕಚೇರಿ ಮುಂಬೈಯಲ್ಲಿದೆ.

ನಿಮ್ಮ ಹುಡುಕಾಟವನ್ನು ತಾಲ್ಲೂಕು ಆಸ್ಪತ್ರೆಯಿಂದ ಆರಂಭಿಸಿ. ‘ಮನೋಚೈತನ್ಯ’ ಕಾರ್ಯಕ್ರಮದಡಿ ರಾಜ್ಯದ ಅನೇಕ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರಗಳಂದು ಮನೋವೈದ್ಯರು ಬರುತ್ತಾರೆ. ಕೈನಡುಕ ಮತ್ತು ಫಿಟ್ಸ್‌ಗಾಗಿ ನೀವು ಹೇಗೂ ಅವರನ್ನು ಕಾಣಲೇಬೇಕು. ಆಗಲೇ, ಅವರ ಬಳಿ ಗುಣವಾಗಿ ಸಭೆಗಳಿಗೆ ಹೋಗುತ್ತಿರುವ ಯಾರಾದರೂ ಇದ್ದಾರೆಯೇ, ಅವರ ಒಪ್ಪಿಗೆ ಪಡೆದು ನನ್ನೊಂದಿಗೆ ಮಾತನಾಡಿಸಬಲ್ಲಿರಾ ಎಂದು ಕೇಳಿ. ವೈದ್ಯರು ತಾವಾಗಿ ಯಾರ ಹೆಸರನ್ನೂ ಕೊಡುವಂತಿಲ್ಲ, ಆದರೆ ನಿಮ್ಮ ಸಂಖ್ಯೆಯನ್ನು ಆ ಸದಸ್ಯರಿಗೆ ತಲುಪಿಸಲು ಅಡ್ಡಿಯಿಲ್ಲ. ಮತ್ತೊಮ್ಮೆ ದಾಖಲಾಗಬೇಕಾದರೆ, ನಿಮಗೆ ಹತ್ತಿರದಲ್ಲಿ ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಎಲ್ಲಿ ದಾಖಲಾದರೂ, ಬಿಡುಗಡೆಯ ದಿನದವರೆಗೆ ಕಾಯದೆ, ವಾರ್ಡಿನಲ್ಲಿರುವಾಗಲೇ ಸಮಾಜ ಕಾರ್ಯಕರ್ತರ ಮೂಲಕ ಒಬ್ಬ ಸದಸ್ಯರ ಪರಿಚಯ ಮಾಡಿಕೊಳ್ಳಿ. ಹೀಗೆ ವಾರ್ಡಿಗೆ ಬಂದು ರೋಗಿಗಳೊಂದಿಗೆ ಮಾತನಾಡುವುದು ಎಎ ಸದಸ್ಯರಿಗೆ ಹೊಸದೇನಲ್ಲ. ಇನ್ನೊಬ್ಬರಿಗೆ ನೆರವಾಗುವುದು ತಾವು ಕುಡಿಯದೆ ಉಳಿಯುವ ದಾರಿಯೆಂದು ಅವರು ನಂಬಿದ್ದಾರೆ, ಹೀಗಾಗಿ ತೊಂದರೆ ಕೊಡುತ್ತಿದ್ದೇನೆಂಬ ಸಂಕೋಚ ನಿಮಗೆ ಬೇಡ.

ಫೋನ್ ಮೂಲಕವೂ ಹುಡುಕಬಹುದು. ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೇ ಹಗಲು ರಾತ್ರಿ ಮಾತನಾಡಬಹುದು, ಹಣ ಕೊಡಬೇಕಿಲ್ಲ. ವ್ಯಸನಮುಕ್ತಿಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ಎಎ ಇಂಡಿಯಾದ ಅಧಿಕೃತ ಜಾಲತಾಣದಲ್ಲಿ ಸಭೆಗಳ ಪಟ್ಟಿಯೂ ಸಹಾಯವಾಣಿಯೂ ಇವೆ. ಅಲ್ಲಿಗೆ ಕರೆ ಮಾಡಿದಾಗ ‘ಮೀಟಿಂಗ್ ಎಲ್ಲಿದೆ’ ಎಂದಷ್ಟೇ ಕೇಳಿ ಇಟ್ಟುಬಿಡಬೇಡಿ. ನಾನು ಹಾವೇರಿ ಕಡೆಯವನು, ಕನ್ನಡದಲ್ಲಿ ಮಾತನಾಡುವ ಸದಸ್ಯರೊಬ್ಬರು ನನಗೆ ಬೇಕು, ಹುಬ್ಬಳ್ಳಿ ಅಥವಾ ದಾವಣಗೆರೆ ಕಡೆ ಹೋಗಿಬರಲು ತಯಾರಿದ್ದೇನೆ, ಮೊದಲ ದಿನ ಬಾಗಿಲಲ್ಲಿ ಯಾರಾದರೂ ಕಾಯುತ್ತಾರೆಯೇ, ಎಂದು ಸ್ಪಷ್ಟವಾಗಿ ಹೇಳಿ. ಪಟ್ಟಿಯಲ್ಲಿರುವ ಸಮಯ ಮತ್ತು ಸ್ಥಳ ಬದಲಾಗಿರುವುದುಂಟು. ಹೊರಡುವ ದಿನವೇ ಮತ್ತೊಮ್ಮೆ ಖಚಿತಪಡಿಸಿಕೊಳ್ಳಿ. ಧೈರ್ಯ ಮಾಡಿ ಹೋದವರಿಗೆ ಬೀಗ ಹಾಕಿದ ಕೋಣೆ ಎದುರಾದರೆ, ಹಿಂದಿರುಗುವ ದಾರಿಯಲ್ಲಿ ವೈನ್ ಶಾಪ್ ಮಾತ್ರ ತೆರೆದಿರುತ್ತದೆ. ನಿಮ್ಮ ಊರಿನಿಂದ ಪ್ರತಿ ವಾರ ಪ್ರಯಾಣ ಮಾಡುವುದು ಕಷ್ಟವಾದರೆ, ವಾರಕ್ಕೊಂದು ನೇರ ಸಭೆ ಮತ್ತು ಉಳಿದ ದಿನಗಳಲ್ಲಿ ಝೂಮ್ ಸಭೆ ಎಂದು ಇಟ್ಟುಕೊಳ್ಳಬಹುದು. 2020ರಲ್ಲಿ ಕೋವಿಡ್ ಕಾಲಕ್ಕೆ ವ್ಯಾಪಕವಾದ ಆನ್‌ಲೈನ್ ಸಭೆಗಳು ಅನಂತರವೂ ಮುಂದುವರಿದಿವೆ. ಊರಿನಿಂದ ದೂರವಿರುವ ಕನ್ನಡಿಗರಿಗೆ ತಮ್ಮ ಭಾಷೆಯಲ್ಲಿ ಮನಬಿಚ್ಚಿ ಮಾತನಾಡಲು ಇದೊಂದು ದಾರಿ. ಆದರೆ ಕೇವಲ ಆನ್‌ಲೈನಿನಲ್ಲಿ ನಿಲ್ಲಬೇಡಿ. ಕ್ಯಾಮೆರಾ ಮುಚ್ಚಿಕೊಂಡು ಕುಳಿತವನ ಬಾಯಿಯ ವಾಸನೆ ಯಾರಿಗೂ ತಿಳಿಯುವುದಿಲ್ಲ.

ಎಎ ಒಂದೇ ದಾರಿಯೆಂದು ನಾನು ಹೇಳುವುದಿಲ್ಲ. ನಿಮ್ಮಂಥ ತಾಲ್ಲೂಕು ಕೇಂದ್ರದಲ್ಲಿ ಎಎ ಗುಂಪಿಗಿಂತ ಮೊದಲು ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ‘ನವಜೀವನ ಸಮಿತಿ’ ಕಣ್ಣಿಗೆ ಬೀಳುವ ಸಾಧ್ಯತೆಯೇ ಹೆಚ್ಚು. ಯೋಜನೆ ಮತ್ತು ಜನಜಾಗೃತಿ ವೇದಿಕೆ ರಾಜ್ಯದಾದ್ಯಂತ ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತವೆ. ಶಿಬಿರ ಮುಗಿಸಿದವರು ತಮ್ಮ ಊರಿನಲ್ಲಿ ನವಜೀವನ ಸಮಿತಿಯಾಗಿ ಸೇರುತ್ತಾರೆ, ನೂರು ದಿನ ಕುಡಿಯದೆ ಪೂರೈಸಿದವರಿಗೆ ಶತದಿನೋತ್ಸವ ಮಾಡುತ್ತಾರೆ. ಭಾಷೆ ಕನ್ನಡ, ವಾತಾವರಣ ಪರಿಚಿತ, ಕುಟುಂಬದವರೂ ಜೊತೆಗಿರುತ್ತಾರೆ. ಯೋಜನೆಯ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿದರೆ ಹತ್ತಿರದ ಸಮಿತಿಯ ವಿವರ ಸಿಗುತ್ತದೆ. ಇದು ಊರಿನ ನಡುವೆ, ಎಲ್ಲರಿಗೂ ತಿಳಿಯುವಂತೆ ನಡೆಯುವ ಕೆಲಸ. ಕೆಲವರಿಗೆ ಅದೇ ಬಲ, ನಿಮ್ಮಂತೆ ಗುಟ್ಟು ಬೇಕೆನ್ನುವವರಿಗೆ ಎಎ ಹೆಚ್ಚು ಹೊಂದುತ್ತದೆ. ಶಿಬಿರಕ್ಕೆ ಸೇರುವುದಾದರೆ ಫಿಟ್ಸ್ ಬಂದಿದ್ದನ್ನು ಮುಚ್ಚಿಡದೆ ಮೊದಲೇ ತಿಳಿಸಿ, ವೈದ್ಯರ ಅನುಮತಿ ಪಡೆದು ಹೋಗಿ.

ಎಎ ಸಭೆಯಲ್ಲಿ ಏನು ನಡೆಯುತ್ತದೆಂದು ತಿಳಿದಿದ್ದರೆ ಹೊಸ್ತಿಲು ದಾಟುವುದು ಸುಲಭ. ಒಂದು ಸಾಮಾನ್ಯ ಕೋಣೆ, ಸಾಲಾಗಿ ಅಥವಾ ವೃತ್ತವಾಗಿ ಇಟ್ಟ ಕುರ್ಚಿಗಳು, ಗೋಡೆಗೆ ತೂಗುಹಾಕಿದ ಹನ್ನೆರಡು ಹೆಜ್ಜೆಗಳ (ಕುಡಿತದಿಂದ ಹೊರಬರಲು ಸದಸ್ಯರು ಅನುಸರಿಸುವ ಸೂತ್ರಗಳ) ಫಲಕ, ಮೂಲೆಯಲ್ಲಿ ಚಹಾ. ಸಭೆ ನಡೆಸುವವರೂ ಕುಡಿತ ಬಿಟ್ಟವರೇ. ಅಲ್ಲಿ ಮೇಷ್ಟ್ರೂ ಇಲ್ಲ, ವೈದ್ಯರೂ ಇಲ್ಲ. ಆರಂಭದಲ್ಲಿ ಒಂದು ಚಿಕ್ಕ ಪೀಠಿಕೆ ಓದುತ್ತಾರೆ. ನಂತರ ಒಬ್ಬೊಬ್ಬರಾಗಿ ತಮ್ಮ ಹೆಸರು ಹೇಳಿ, ತಾನೊಬ್ಬ ಮದ್ಯವ್ಯಸನಿ ಎಂದು ಪರಿಚಯಿಸಿಕೊಂಡು, ಕುಡಿಯುವಾಗ ಏನಾಗಿತ್ತು, ಹೇಗೆ ಬಿಟ್ಟೆ, ಈಗ ಹೇಗಿದ್ದೇನೆ ಎಂಬುದನ್ನು ಕೆಲವು ನಿಮಿಷ ಹಂಚಿಕೊಳ್ಳುತ್ತಾರೆ. ಇದನ್ನು ‘ಶೇರಿಂಗ್’ ಎನ್ನುತ್ತಾರೆ. ಒಬ್ಬರು ಮಾತನಾಡುವಾಗ ಇನ್ನೊಬ್ಬರು ನಡುವೆ ಬಾಯಿ ಹಾಕುವುದಿಲ್ಲ, ತಿದ್ದುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಮನೆಯಲ್ಲಿ, ಕಚೇರಿಯಲ್ಲಿ, ಬೀಗರ ಮುಂದೆ ವರ್ಷಗಟ್ಟಲೆ ಬುದ್ಧಿಮಾತು ಕೇಳಿ ಬಂದವರಿಗೆ ಈ ನಿಯಮದ ಬೆಲೆ ಬೇಗ ಅರ್ಥವಾಗುತ್ತದೆ. ಹೆಂಡತಿಯ ತಾಳಿ ಅಡವಿಟ್ಟು ಕುಡಿದ ಸಂಗತಿಯನ್ನು ಒಬ್ಬರು ಹೇಳುವಾಗ ಎದುರಿಗೆ ಕುಳಿತವರ ಮುಖದಲ್ಲಿ ಅಸಹ್ಯ ಕಾಣುವುದಿಲ್ಲ, ಏಕೆಂದರೆ ಅವರಲ್ಲಿಯೂ ಅಂಥದೊಂದು ಕಥೆ ಇರುತ್ತದೆ. ನೀವು ಮಾತನಾಡಲೇಬೇಕೆಂದಿಲ್ಲ, ಹೆಸರು ಹೇಳಿ ‘ಇವತ್ತು ಕೇಳಿಸಿಕೊಳ್ಳುತ್ತೇನೆ’ ಎಂದರೆ ಸಾಕು. ಒಂದರಿಂದ ಒಂದೂವರೆ ಗಂಟೆಯಲ್ಲಿ ಸಭೆ ಮುಗಿಯುತ್ತದೆ. ಬಾಡಿಗೆ ಮತ್ತು ಚಹಾ ಖರ್ಚಿಗಾಗಿ ಒಂದು ಚೀಲ ಸುತ್ತು ಬರುತ್ತದೆ, ಅದಕ್ಕೆ ಹಾಕಲೇಬೇಕೆಂಬ ಕಡ್ಡಾಯವಿಲ್ಲ. ಯಾರಾದರೂ ಕುಡಿಯದೆ ವರ್ಷ ಪೂರೈಸಿದ್ದರೆ ಅವರ ‘ಬರ್ತ್‌ಡೇ’ ಆಚರಿಸುವುದೂ ಉಂಟು. ಸಭೆ ಮುಗಿದ ಮೇಲೆ ಓಡಿಬರಬೇಡಿ. ನಿಜವಾದ ಪರಿಚಯ ಆಗುವುದು, ಫೋನ್ ನಂಬರ್ ಸಿಗುವುದು, ಚಹಾ ಕುಡಿಯುತ್ತ ನಿಂತ ಆ ಹತ್ತು ನಿಮಿಷಗಳಲ್ಲಿ. ಸಂಜೆ ಆರಕ್ಕೆ ಹಂಬಲ ಹೆಚ್ಚಾದಾಗ ನೀವು ಕರೆ ಮಾಡಬೇಕಾದ ನಂಬರ್ ಅದೇ.

‘ಚರ್ಚಿನವರ ಸಭೆ’ ಎಂಬ ಮಾತಿಗೆ ಕಾರಣವಿದೆ. ಹನ್ನೆರಡು ಹೆಜ್ಜೆಗಳು 1930ರ ದಶಕದ ಅಮೆರಿಕದ ಒಂದು ಕ್ರೈಸ್ತ ಬಳಗದ ಪ್ರಭಾವದಲ್ಲಿ ರೂಪುಗೊಂಡವು. ನಮ್ಮಲ್ಲಿಯೂ ಎಷ್ಟೋ ಗುಂಪುಗಳು ಕಡಿಮೆ ಬಾಡಿಗೆಗೆ ಸಿಗುವ ಚರ್ಚ್ ಅಥವಾ ಶಾಲೆಯ ಕೋಣೆಗಳಲ್ಲಿ ಸೇರುತ್ತವೆ. ಆದರೆ ಎಎ ಯಾವ ಧರ್ಮಕ್ಕೂ ಸೇರಿದ್ದಲ್ಲ. ಸದಸ್ಯತ್ವಕ್ಕೆ ಇರುವ ಒಂದೇ ಅರ್ಹತೆ ಕುಡಿತ ಬಿಡಬೇಕೆಂಬ ಬಯಕೆ. ಹೆಜ್ಜೆಗಳಲ್ಲಿ ಬರುವ ದೇವರ ಮಾತಿಗೆ ‘ನಾವು ಅರ್ಥಮಾಡಿಕೊಂಡಂತೆ’ ಎಂಬ ವಿಶೇಷಣವನ್ನು ಬೇಕೆಂದೇ ಸೇರಿಸಿದ್ದಾರೆ. ಹಾಗಾಗಿ ಒಬ್ಬರಿಗೆ ಅದು ಮನೆದೇವರು, ಇನ್ನೊಬ್ಬರಿಗೆ ಗುರು, ನಂಬಿಕೆಯಿಲ್ಲದವರಿಗೆ ಆ ಗುಂಪಿನ ಒಗ್ಗಟ್ಟೇ ತಮಗಿಂತ ದೊಡ್ಡ ಶಕ್ತಿ.

ಗುಟ್ಟಿನ ಬಗ್ಗೆ ನಿಮಗೆ ಪೂರ್ಣ ಸತ್ಯ ಹೇಳಬೇಕು. ಸಭೆಯಲ್ಲಿ ಹಾಜರಿ ಪುಸ್ತಕವಿಲ್ಲ, ಪೂರ್ತಿ ಹೆಸರು ಕೇಳುವುದಿಲ್ಲ, ಉದ್ಯೋಗ ವಿಚಾರಿಸುವುದಿಲ್ಲ. ಅಲ್ಲಿ ಕಂಡವರನ್ನು ಹೊರಗೆ ಹೇಳಬಾರದೆಂಬುದು ಅವರ ಗಟ್ಟಿ ಸಂಪ್ರದಾಯ. ಆದರೆ ಅದು ಸಂಪ್ರದಾಯವೇ ಹೊರತು ಕಾನೂನಿನ ಬಂಧನವಲ್ಲ. ವೈದ್ಯರು ಮಾತ್ರ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ನಿಮ್ಮ ಮಾಹಿತಿಯನ್ನು ಗೋಪ್ಯವಾಗಿಡಲು ಬದ್ಧರು. ಆದ್ದರಿಂದ ಮೊದಲ ಕೆಲವು ತಿಂಗಳು ಬೇರೆ ಊರಿನ ಸಭೆಗೆ ಹೋಗುವುದು, ಬಾಯಿಬಿಟ್ಟರೆ ನೌಕರಿಗೆ ತೊಂದರೆಯಾಗುವಂಥ ವಿಷಯಗಳನ್ನು ನಂಬಿಕೆಯ ಒಬ್ಬರ ಬಳಿ ಮಾತ್ರ ಹೇಳಿಕೊಳ್ಳುವುದು ವಿವೇಕ. ಇಷ್ಟಾಗಿಯೂ ಪರಿಚಿತರು ಅಲ್ಲಿ ಕಂಡರೆ ಅವರು ಅಲ್ಲಿಗೆ ಬಂದಿರುವುದೂ ಬಹುಮಟ್ಟಿಗೆ ನಿಮ್ಮದೇ ಕಾರಣಕ್ಕೆ. ಇನ್ನೊಂದು ಮಾತು: ಎರಡು ಕ್ವಾರ್ಟರ್ ಕುಡಿಯುವವರ ವಿಚಾರ ಕಚೇರಿಯಲ್ಲಿ ಯಾರಿಗೂ ತಿಳಿದಿಲ್ಲವೆಂಬುದನ್ನು ನಾನು ಸುಲಭವಾಗಿ ನಂಬಲಾರೆ. ಬೆಳಗಿನ ವಾಸನೆ ಮತ್ತು ಸಹಿ ಹಾಕುವಾಗಿನ ಕೈನಡುಕ ಸಹೋದ್ಯೋಗಿಗಳ ಕಣ್ಣು ತಪ್ಪುವುದು ಕಷ್ಟ. ಅಮಲಿನಲ್ಲಿ ಕರ್ತವ್ಯಕ್ಕೆ ಹಾಜರಾದರೆ ಶಿಸ್ತುಕ್ರಮವಾಗುತ್ತದೆ. ಚಿಕಿತ್ಸೆ ಪಡೆದದ್ದು ಅಪರಾಧವಲ್ಲ.

ಹುಡುಕುವಾಗ ಒಂದು ಎಚ್ಚರಿಕೆ ಬೇಕು. ಎಎ ಯಾವುದೇ ಆಸ್ಪತ್ರೆ ಅಥವಾ ಪುನರ್ವಸತಿ ಕೇಂದ್ರವನ್ನು ನಡೆಸುವುದಿಲ್ಲ, ಪ್ರವೇಶ ಶುಲ್ಕ ಪಡೆಯುವುದಿಲ್ಲ, ರೋಗಿಯನ್ನು ಮನೆಯಿಂದ ಎತ್ತಿಕೊಂಡು ಹೋಗುವುದಿಲ್ಲ. ಎಎ ಹೆಸರು ಹೇಳಿ ಸಾವಿರಗಟ್ಟಲೆ ಹಣ ಕೇಳುವವರು ಎಎ ಅಲ್ಲ. ಖಾಸಗಿ ಕೇಂದ್ರಕ್ಕೆ ಸೇರುವುದಾದರೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಇದೆಯೇ, ವೈದ್ಯರು ನಿಜವಾಗಿ ಇರುತ್ತಾರೆಯೇ ಎಂದು ನೋಡಿ. ಮತ್ತೆ, ಸಭೆಯಲ್ಲಿ ಯಾರಾದರೂ ಉತ್ಸಾಹದಿಂದ ‘ಮಾತ್ರೆಗಳನ್ನೆಲ್ಲ ಬಿಟ್ಟುಬಿಡಿ, ಸಭೆ ಸಾಕು’ ಎಂದರೆ ಕೇಳಬೇಡಿ. ಸದಸ್ಯರು ವೈದ್ಯರ ಪಾತ್ರ ವಹಿಸಬಾರದೆಂಬುದು ಎಎಯದೇ ನಿಲುವು. ಹಂಬಲ ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಔಷಧಿಗಳೂ ಸಭೆಯೂ ಒಟ್ಟಿಗೆ ನಡೆಯಬಲ್ಲವು.

ಒಂದೇ ಸಭೆಗೆ ಹೋಗಿ ತೀರ್ಪು ಕೊಡಬೇಡಿ. ಗುಂಪಿನಿಂದ ಗುಂಪಿಗೆ ಸ್ವಭಾವ ಬೇರೆ. ಕೆಲವು ಕಡೆ ಓದು ಹೆಚ್ಚು, ಕೆಲವು ಕಡೆ ಮಾತು ಹೆಚ್ಚು. ಮೂರ್ನಾಲ್ಕು ಸಭೆಗಳಾದರೂ ಆದ ಮೇಲೆ ನಿರ್ಧರಿಸಿ. ಕೆಲವು ವರ್ಷಗಳಿಂದ ಕುಡಿಯದೆ ಇರುವ, ನಿಮಗೆ ಮಾತು ಹೊಂದುವ ಒಬ್ಬರನ್ನು ನಿಮಗೆ ‘ಸ್ಪಾನ್ಸರ್’, ಅಂದರೆ ದಾರಿ ತೋರುವ ಹಿರಿಯ ಸದಸ್ಯ, ಆಗಿರೆಂದು ಕೇಳಿಕೊಳ್ಳಿ. ಆರಂಭದ 90 ದಿನಗಳಲ್ಲಿ 90 ಸಭೆ ಎಂಬ ಸಲಹೆ ಬಹಳ ಪ್ರಚಲಿತವಾಗಿದೆ. ನಿಮ್ಮ ಊರಿನಿಂದ ಅದು ಅಸಾಧ್ಯವಾದರೂ, ಮೂರ್ನಾಲ್ಕನೆಯ ತಿಂಗಳು ನಿಮಗೆ ಎರಡು ಸಲವೂ ಮುಳುವಾಗಿರುವುದರಿಂದ, ಎಲ್ಲವೂ ಸರಿಯಾಗಿದೆ ಎನ್ನಿಸಿದ ಆ ದಿನಗಳಲ್ಲಿಯೇ ಸಭೆಗಳನ್ನು ಹೆಚ್ಚಿಸಿ. ಒಂದು ವೇಳೆ ಕುಡಿದರೂ ನಾಚಿಕೆಯಿಂದ ಮರೆಯಾಗಬೇಡಿ. ಮರಳಿ ಬಂದವರನ್ನು ಹೊರಗಟ್ಟುವ ಪದ್ಧತಿ ಅಲ್ಲಿಲ್ಲ.

ನಿಮ್ಮ ಹೆಂಡತಿ ಖಂಡಿತ ಬರಬಹುದು, ಆದರೆ ಎಲ್ಲ ಸಭೆಗಳಿಗೂ ಅಲ್ಲ. ಮುಕ್ತ ಸಭೆಗಳಿಗೆ ಕುಟುಂಬದವರಿಗೂ ಆಸಕ್ತರಿಗೂ ಪ್ರವೇಶವಿದೆ. ಮುಚ್ಚಿದ ಸಭೆಗಳು ಕುಡಿತದ ಸಮಸ್ಯೆ ಇರುವವರಿಗೆ ಮಾತ್ರ. ಮೊದಲ ಸಲ ಫೋನ್ ಮಾಡಿದಾಗಲೇ ಯಾವುದು ಮುಕ್ತವೆಂದು ಕೇಳಿಕೊಳ್ಳಿ. ಕುಟುಂಬದವರಿಗಾಗಿಯೇ ಅಲ್-ಅನಾನ್ ಎಂಬ ಪ್ರತ್ಯೇಕ ಬಳಗವಿದೆ. ಅದನ್ನು 1951ರಲ್ಲಿ ಸಂಘಟಿಸಿದವರಲ್ಲಿ ಬಿಲ್‌ನ ಪತ್ನಿ ಲೋಯಿಸ್ ಒಬ್ಬರು. ಗಂಡ ಕುಡಿಯುತ್ತಿದ್ದರೂ ಬಿಟ್ಟಿದ್ದರೂ ಆಕೆ ಅಲ್ಲಿಗೆ ಹೋಗಬಹುದು, ಮತ್ತು ಹೋಗಬೇಕೆಂದು ನನ್ನ ಒತ್ತಾಯ. ಎರಡು ದಾಖಲಾತಿ, ಒಂದು ಫಿಟ್ಸ್, ಎರಡು ಸಲ ಹುಸಿಯಾದ ನಿರೀಕ್ಷೆ, ಇವನ್ನೆಲ್ಲ ಅವರೂ ನಿಮ್ಮೊಂದಿಗೆ ಅನುಭವಿಸಿದ್ದಾರೆ. ಜಾಹೀರಾತು ನೋಡಿ ‘ಗೊತ್ತಾಗದಂತೆ ಕುಡಿತ ಬಿಡಿಸುವ’ ಪುಡಿಯನ್ನು ಊಟದಲ್ಲಿ ಬೆರೆಸುವ ಯೋಚನೆ ಅವರಿಗೆ ಬಂದಿದ್ದರೆ, ದಯವಿಟ್ಟು ಬೇಡವೆಂದು ಹೇಳಿ. ಅಂಥ ಪುಡಿಯಲ್ಲಿ ಡೈಸಲ್ಫಿರಾಮ್ ಎಂಬ ಔಷಧಿ ಇರಬಹುದು, ತಿಳಿಯದೆ ಅದರ ಮೇಲೆ ಕುಡಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯವಾಗಬಹುದು. ಅವರು ನಿಮಗೆ ಮಾಡಬಹುದಾದ ಸಹಾಯ ಬೇರೆ ಇದೆ: ಫೋನ್ ಎತ್ತಲು ನಿಮಗೆ ಧೈರ್ಯ ಬಾರದಿದ್ದರೆ ಮೊದಲ ಕರೆಯನ್ನು ಅವರೇ ಮಾಡಲಿ. 14416ಕ್ಕೆ ಮನೆಯವರೂ ಕರೆ ಮಾಡಬಹುದು.